ಗುರುತು ಪತ್ತೆಗೆ ಡಿಎನ್‌ಎ ಪ್ರೈಮರ್: ಪದೇ ಪದೇ ಕೇಳುವ ಪ್ರಶ್ನೆಗಳು

ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರು, ಎಂ.ಎಸ್ಸಿ. ಪ್ರಾಜೆಕ್ಟಿಗೆ ಎಸ್‌ಟಿಆರ್ ಮಾರ್ಕರ್ (ಗಿಡ್ಡ ಸರಣಿಯೊಂದು ಮತ್ತೆ ಮತ್ತೆ ಬರುವ ಡಿಎನ್‌ಎ ಜಾಗ) ಹಿಡಿದವರು, ವನ್ಯಜೀವಿ ಪ್ರಕರಣಗಳ ಮಾದರಿ ನೋಡುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಪಿಸಿಆರ್ ಎಂದರೇನು, ಅಲೀಲ್ ಎಂದರೇನು ಎಂಬುದು ನಿಮಗೆ ಗೊತ್ತಿದೆ ಎಂದುಕೊಂಡೇ ಬರೆದಿದ್ದೇವೆ.

ಪ್ರೈಮರ್ ಸರಿಯಿಲ್ಲದಿದ್ದರೆ ಪೀಕ್ ಬರುವುದಿಲ್ಲ, ಅಷ್ಟೇ ತಾನೆ?

ಪೀಕೇ (ಫಲಿತಾಂಶದಲ್ಲಿ ಅಲೀಲನ್ನು ತೋರಿಸುವ ಶಿಖರ) ಬರದಿದ್ದರೆ ಅಂಥ ಅಪಾಯವಿಲ್ಲ. ಅದು ಕಣ್ಣಿಗೆ ಬೀಳುತ್ತದೆ, ಮತ್ತೆ ಮಾಡುತ್ತೀರಿ. ಹೆದರಬೇಕಾದದ್ದು ಎರಡು ಬರಬೇಕಾದ ಕಡೆ ಒಂದೇ ಪೀಕ್ ಬಂದು, ಫಲಿತಾಂಶ ಚೊಕ್ಕವಾಗಿ ಕಂಡಾಗ.

ಪಿತೃತ್ವ ಪರೀಕ್ಷೆಯ ಒಂದು ಉದಾಹರಣೆ ನೋಡಿ. ಒಂದು ಮಾರ್ಕರಿನಲ್ಲಿ ತಂದೆಯ ನಿಜವಾದ ಅಲೀಲ್‌ಗಳು 14 ಮತ್ತು 17 (ಪುನರಾವರ್ತನೆಗಳ ಎಣಿಕೆ), ತಾಯಿಯದು 15 ಮತ್ತು 16. ತಂದೆಯ 17ರ ಪಕ್ಕದಲ್ಲಿ, ಪ್ರೈಮರ್ ಕೂರುವ ಜಾಗದಲ್ಲಿ, ಒಂದು ಬೇಸ್ ಬದಲಾಗಿದೆ. ಪ್ರೈಮರ್ ಅಲ್ಲಿ ಹಿಡಿಯುವುದಿಲ್ಲ. ಹಾಗಾಗಿ ತಂದೆ ವರದಿಯಲ್ಲಿ 14, 14 ಎಂದು ಕಾಣುತ್ತಾರೆ. ಮಗು ತಂದೆಯಿಂದ ಅದೇ 17ನ್ನೂ ತಾಯಿಯಿಂದ 15ನ್ನೂ ಪಡೆದಿದೆ. ಅದರಲ್ಲೂ 17 ಕಾಣುವುದಿಲ್ಲ, 15, 15 ಎಂದು ಬರುತ್ತದೆ. ಈಗ 14, 14ರ ತಂದೆಗೆ 15, 15ರ ಮಗು. ಕಾಗದದ ಮೇಲೆ ನೋಡಿದರೆ ಆ ಮಾರ್ಕರಿನಲ್ಲಿ ಇಬ್ಬರಿಗೂ ಸಂಬಂಧವೇ ಇಲ್ಲ! ಒಂದೇ ಮಾರ್ಕರಿನ ಹೊಂದಾಣಿಕೆ ತಪ್ಪಿದ ಮಾತ್ರಕ್ಕೆ ಯಾರೂ ‘ತಂದೆಯಲ್ಲ’ ಎಂದು ಬರೆಯುವುದಿಲ್ಲ, ನಿಜ. ಆದರೆ ಮಣ್ಣಿನಿಂದ ತೆಗೆದ ಮೂಳೆಯಲ್ಲಿ ಏಳೆಂಟು ಮಾರ್ಕರ್ ಮಾತ್ರ ಸಿಕ್ಕಿರುವಾಗ ಅಂಥ ಒಂದು ತಪ್ಪಿನ ತೂಕವೇ ಬೇರೆ.

ಈ ಪುಟದ ಬಹುಪಾಲು ಮಾತು ಈ ಸದ್ದಿಲ್ಲದ ತಪ್ಪನ್ನು ತಡೆಯುವುದರ ಬಗ್ಗೆಯೇ.

ಮಾರುಕಟ್ಟೆಯಲ್ಲಿ ಕಿಟ್‌ಗಳಿರುವಾಗ ಪ್ರೈಮರ್ ವಿನ್ಯಾಸ ನಾವೇಕೆ ಕಲಿಯಬೇಕು?

ನ್ಯಾಯಾಲಯಕ್ಕೆ ಹೋಗುವ ಮಾನವ ಗುರುತಿನ ವರದಿಗೆ ಮಾನ್ಯತಾ ಪರೀಕ್ಷೆ ಮುಗಿಸಿದ ಕಿಟ್ಟನ್ನೇ ಬಳಸಿ, ಅದರಲ್ಲಿ ಎರಡನೇ ಮಾತಿಲ್ಲ. ಆದರೆ ಕಿಟ್‌ಗಳ ಪ್ರೈಮರ್ ಸರಣಿಯನ್ನು ತಯಾರಕರು ಸಾಮಾನ್ಯವಾಗಿ ಹೊರಗೆ ಬಿಡುವುದಿಲ್ಲ. ಒಂದೇ ವ್ಯಕ್ತಿಯ ರಕ್ತಕ್ಕೆ ಎರಡು ಕಿಟ್ ಎರಡು ಉತ್ತರ ಕೊಟ್ಟಾಗ ಒಳಗೇನಾಗಿದೆ ಎಂದು ಹೇಳಲು ಪ್ರೈಮರ್ ಹೇಗೆ ಕೆಲಸ ಮಾಡುತ್ತದೆಂಬುದು ಗೊತ್ತಿರಬೇಕು. ವನ್ಯಜೀವಿ, ತೀರಾ ಚೂರಾದ ಮೂಳೆ, ಹೊಸ ಮಾರ್ಕರ್ ಇವುಗಳಿಗೆ ಸಿದ್ಧ ಕಿಟ್ ಇಲ್ಲದಿರುವುದೂ ಉಂಟು.

ಕೆಲಸ ಎಲ್ಲಿಂದ ಶುರು ಮಾಡಬೇಕು?

ಸಾಫ್ಟ್‌ವೇರ್ ತೆರೆಯುವ ಮೊದಲು ಜಾಗ ನೋಡಿ. ಮಾನವ ಜೀನೋಮಿನ ಉಲ್ಲೇಖ ಸರಣಿಯಲ್ಲಿ ನಿಮ್ಮ ಪುನರಾವರ್ತನೆಯ ಭಾಗವನ್ನು ಹುಡುಕಿ, ಅದರ ಎರಡೂ ಬದಿಯ 200 ಬೇಸ್‌ಗಳಷ್ಟನ್ನು ತೆಗೆದಿಟ್ಟುಕೊಳ್ಳಿ. ಡಿಬಿಎಸ್‌ಎನ್‌ಪಿ, ನೊಮ್ಯಾಡ್ ದತ್ತಾಂಶದಿಂದ ಈ ಭಾಗದಲ್ಲಿ ಗೊತ್ತಿರುವ ಎಲ್ಲ ವ್ಯತ್ಯಾಸಗಳನ್ನೂ ಬಣ್ಣ ಹಾಕಿ ಗುರುತಿಸಿ. ಪುನರಾವರ್ತನೆಗೆ ಅಂಟಿಕೊಂಡಂತೆ ಅರೆಬರೆ ಪುನರಾವರ್ತನೆಗಳಿದ್ದರೆ ಅವನ್ನೂ ಗುರುತಿಸಿ. ಅಲ್ಲಿ ಕೂತ ಪ್ರೈಮರ್ ಒಂದು ಸಲ ಒಂದು ಕಡೆ, ಇನ್ನೊಂದು ಸಲ ನಾಲ್ಕು ಬೇಸ್ ಆಚೆ ಹಿಡಿಯುತ್ತದೆ. ಉಳಿದ ಖಾಲಿ ಜಾಗವೇ ನಿಮ್ಮ ಹೊಲ. ಪ್ರೈಮರ್ ವಿನ್ಯಾಸದ ತಂತ್ರಾಂಶವಾದ ಪ್ರೈಮರ್3ಕ್ಕೆ ಆ ಜಾಗವನ್ನಷ್ಟೇ ಕೊಡಿ.

ಸಿಕ್ಕ ಜೋಡಿಗಳನ್ನು, ಅವು ಬೇರೆಲ್ಲಿ ಕೂರುತ್ತವೆಂದು ಹುಡುಕುವ ಪ್ರೈಮರ್‌-ಬ್ಲಾಸ್ಟ್‌ನಲ್ಲಿ ಮಾನವ ಜೀನೋಮಿನ ವಿರುದ್ಧ ಮಾತ್ರವಲ್ಲ, ಬ್ಯಾಕ್ಟೀರಿಯಾ ಮತ್ತು ಸಾಕುಪ್ರಾಣಿಗಳ ವಿರುದ್ಧವೂ ಓಡಿಸಿ. ಹೂತಿದ್ದ ಮೂಳೆಯಿಂದ ತೆಗೆದ ಡಿಎನ್‌ಎಯಲ್ಲಿ ಮನುಷ್ಯರದಕ್ಕಿಂತ ಮಣ್ಣಿನ ಜೀವಿಗಳದೇ ಹೆಚ್ಚಿರಬಹುದು.

ಉದ್ದ, ಜಿಸಿ ಪ್ರಮಾಣ, ಕರಗುವ ತಾಪಮಾನ ಎಷ್ಟಿರಬೇಕು?

ಉದ್ದ 18ರಿಂದ 30 ಬೇಸ್, ಜಿಸಿ ಶೇ. 40ರಿಂದ 60, ಕರಗುವ ತಾಪಮಾನ 58ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಜೋಡಿಯ ಎರಡರ ನಡುವೆ ಎರಡು ಡಿಗ್ರಿಗಿಂತ ಹೆಚ್ಚು ಅಂತರ ಬೇಡ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಎಡವುವುದು ತಾಪಮಾನದ ಲೆಕ್ಕದಲ್ಲಿ.

ಲಿಂಗ ಗುರುತಿಸಲು ಬಳಸುವ ಅಮೆಲೊಜೆನಿನ್ ಮಾರ್ಕರಿಗೆ 1993ರಲ್ಲಿ ಪ್ರಕಟವಾದ ಪ್ರೈಮರ್ ಜೋಡಿಯನ್ನು ತೆಗೆದುಕೊಳ್ಳಿ. ಎಕ್ಸ್ ವರ್ಣತಂತುವಿನಿಂದ 106, ವೈ ವರ್ಣತಂತುವಿನಿಂದ 112 ಬೇಸ್‌ನ ತುಂಡು ಕೊಡುವ ಜೋಡಿ ಅದು. ಮುಂದಿನ (ಫಾರ್ವರ್ಡ್) ಪ್ರೈಮರ್ ಹೀಗಿದೆ:

ಸಿ ಸಿ ಸಿ ಟಿ ಜಿ ಜಿ ಜಿ ಸಿ ಟಿ ಸಿ ಟಿ ಜಿ ಟಿ ಎ ಎ ಎ ಜಿ ಎ ಎ ಟಿ ಎ ಜಿ ಟಿ ಜಿ

ಒಟ್ಟು 24 ಬೇಸ್, ಅದರಲ್ಲಿ ಜಿ ಮತ್ತು ಸಿ ಸೇರಿ 12. ಕಾಲೇಜಿನಲ್ಲಿ ಕಲಿತ ಸೂತ್ರದಂತೆ ಎ, ಟಿಗೆ ಎರಡೆರಡು ಡಿಗ್ರಿ, ಜಿ, ಸಿಗೆ ನಾಲ್ಕು ನಾಲ್ಕು ಡಿಗ್ರಿ ಕೂಡಿದರೆ 72 ಬರುತ್ತದೆ. ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಇನ್ನೊಂದು ಸೂತ್ರದಲ್ಲಿ ಜಿಸಿ ಸಂಖ್ಯೆಯಿಂದ 16.4 ಕಳೆದು, 41ರಿಂದ ಗುಣಿಸಿ, ಉದ್ದದಿಂದ ಭಾಗಿಸಿ, 64.9ಕ್ಕೆ ಕೂಡಬೇಕು. ಆಗ ಬರುವುದು ಸುಮಾರು 57.4. ಒಂದೇ ಪ್ರೈಮರಿಗೆ ಹದಿನಾಲ್ಕೂವರೆ ಡಿಗ್ರಿಯ ವ್ಯತ್ಯಾಸ! ಮೊದಲ ಸೂತ್ರ ತೀರಾ ಗಿಡ್ಡ ತುಂಡುಗಳಿಗೆ ಹೇಳಿದ್ದು, 24 ಬೇಸಿಗೆ ಅದನ್ನು ಬಳಸಲೇಬೇಡಿ. ಅಕ್ಕಪಕ್ಕದ ಬೇಸ್ ಜೋಡಿಗಳ ಶಕ್ತಿಯನ್ನು ಕೂಡುವ ನಿಯರೆಸ್ಟ್ ನೇಬರ್ ಲೆಕ್ಕವೇ ನಂಬಿಕೆಗೆ ಯೋಗ್ಯ. ಅದನ್ನು ಮಾಡುವಾಗಲೂ ನಿಮ್ಮ ಮಿಶ್ರಣದಲ್ಲಿರುವ ಪೊಟ್ಯಾಸಿಯಂ, ಮೆಗ್ನೀಸಿಯಂ, ಡಿಎನ್‌ಟಿಪಿ, ಪ್ರೈಮರ್ ಪ್ರಮಾಣಗಳನ್ನು ನೀವೇ ತುಂಬಿ. ತಂತ್ರಾಂಶ ಮೊದಲೇ ತುಂಬಿಟ್ಟ ಅಂಕಿಗಳು ನಿಮ್ಮ ಟ್ಯೂಬಿನವಲ್ಲ.

ಪ್ರೈಮರ್ ತನ್ನೊಳಗೇ ಮಡಚಿಕೊಂಡರೆ ಅದನ್ನು ಬಿಟ್ಟೇಬಿಡಬೇಕೆ?

ಎಲ್ಲ ಹೇರ್‌ಪಿನ್ನೂ ಕೆಟ್ಟದ್ದಲ್ಲ. ಅದೇ ಅಮೆಲೊಜೆನಿನ್ ಜೋಡಿಯ ಹಿಂದಿನ (ರಿವರ್ಸ್) ಪ್ರೈಮರ್ ನೋಡಿ:

ಎ ಟಿ ಸಿ ಎ ಜಿ ಎ ಜಿ ಸಿ ಟಿ ಟಿ ಎ ಎ ಎ ಸಿ ಟಿ ಜಿ ಜಿ ಜಿ ಎ ಎ ಜಿ ಸಿ ಟಿ ಜಿ

ಬೆರಳಿಟ್ಟು ಎಣಿಸಿ. ಆರರಿಂದ ಹತ್ತನೆಯ ಬೇಸ್‌ವರೆಗೆ ಎ ಜಿ ಸಿ ಟಿ ಟಿ. ಹತ್ತೊಂಬತ್ತರಿಂದ ಇಪ್ಪತ್ತಮೂರರವರೆಗೆ ಎ ಎ ಜಿ ಸಿ ಟಿ. ಇವೆರಡೂ ಒಂದಕ್ಕೊಂದು ಸರಿಯಾಗಿ ಜೋಡಿಯಾಗುತ್ತವೆ. ನಡುವೆ ಎಂಟು ಬೇಸ್‌ನ ಕುಣಿಕೆ. ಐದು ಜೋಡಿಯ ಹೇರ್‌ಪಿನ್, ಅದೂ 3′ ತುದಿಯ (ಕಿಣ್ವ ಬೆಳೆಸುವ ಕೊನೆಯ ತುದಿಯ) ಹತ್ತಿರ. ಆದರೂ ಈ ಪ್ರೈಮರ್ ದಶಕಗಳಿಂದ ಕೆಲಸ ಮಾಡುತ್ತಿದೆ. ಕಾರಣ ಎರಡು. ಐದರಲ್ಲಿ ಮೂರು ಎ–ಟಿ ಜೋಡಿಗಳಾದ್ದರಿಂದ ಅನೀಲಿಂಗ್ ತಾಪಮಾನದಲ್ಲಿ ಆ ಮಡಿಕೆ ನಿಲ್ಲುವುದಿಲ್ಲ, ಬಿಚ್ಚಿಕೊಳ್ಳುತ್ತದೆ. ಇನ್ನೊಂದು, ಮಡಚಿದಾಗ ಕೊನೆಯ ಜಿ ಬೇಸಿನ ಎದುರು ಬಂದು ನಿಲ್ಲುವುದು ಐದನೆಯ ಜಿ. ಅವೆರಡೂ ಕೂಡುವುದಿಲ್ಲ, ಹಾಗಾಗಿ ಪಾಲಿಮರೇಸ್ ಕಿಣ್ವ ಪ್ರೈಮರನ್ನೇ ಅಚ್ಚಾಗಿ ಹಿಡಿದು ಬೆಳೆಸಲಾರದು.

ನೀವು ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಇವೇ. ಮಡಿಕೆ ಅನೀಲಿಂಗ್ ತಾಪಮಾನದಲ್ಲೂ ಉಳಿಯುತ್ತದೆಯೆ? ಕೊನೆಯ ಬೇಸ್ ಅದರಲ್ಲಿ ಸಿಕ್ಕಿಕೊಂಡಿದೆಯೆ? ಎರಡಕ್ಕೂ ‘ಇಲ್ಲ’ ಎಂದಾದರೆ ಪ್ರೈಮರನ್ನು ಉಳಿಸಿಕೊಳ್ಳಬಹುದು. ಕೊನೆಯ ಬೇಸ್ ಜೋಡಿಯಾಗಿದ್ದರೆ ಮಡಿಕೆ ಎಷ್ಟೇ ದುರ್ಬಲವಾಗಿರಲಿ, ಬೇರೆ ಜಾಗ ಹುಡುಕಿ.

3′ ತುದಿಗೆ ಏಕಿಷ್ಟು ಮಹತ್ವ?

ಕಿಣ್ವ ಹೊಸ ಬೇಸುಗಳನ್ನು ಸೇರಿಸುತ್ತಾ ಹೋಗುವುದು ಆ ತುದಿಯಿಂದಲೇ. ಟ್ಯಾಕ್ ಪಾಲಿಮರೇಸಿಗೆ ತಪ್ಪಾಗಿ ಕೂತ ಕೊನೆಯ ಬೇಸನ್ನು ಕತ್ತರಿಸಿ ಸರಿಪಡಿಸುವ ಶಕ್ತಿಯಿಲ್ಲ. 5′ ತುದಿಯಲ್ಲಿ ಒಂದೆರಡು ಬೇಸ್ ಹೊಂದದಿದ್ದರೂ ನಡೆದೀತು. 3′ ತುದಿಯ ಕೊನೆಯ ಬೇಸ್ ಹೊಂದದಿದ್ದರೆ ಆ ಅಲೀಲ್ ಹೋದಂತೆಯೇ, ಕೊನೆಯ ಐದರಲ್ಲಿ ಎಲ್ಲಿ ಹೊಂದದಿದ್ದರೂ ಪೀಕ್ ಕುಗ್ಗುತ್ತದೆ. ತುದಿಯಲ್ಲಿ ಒಂದು ಜಿ ಅಥವಾ ಸಿ ಇದ್ದರೆ ಹಿಡಿತ ಬಿಗಿ. ಆದರೆ ಕೊನೆಯ ಐದರಲ್ಲಿ ಮೂರಕ್ಕಿಂತ ಹೆಚ್ಚು ಜಿ, ಸಿ ಬೇಡ. ಆಗ ಬೇಡದ ಜಾಗದಲ್ಲೂ ಬಿಗಿಯಾಗಿ ಕೂತುಬಿಡುತ್ತದೆ.

ಭಾರತದ ಜನರಿಗೆ ಬೇರೆಯೇ ಎಚ್ಚರಿಕೆ ಬೇಕೆ?

ಬೇಕು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಪ್ರೈಮರ್ ಕೂರುವ ಜಾಗದ ವ್ಯತ್ಯಾಸಗಳು ಎಲ್ಲ ಜನರಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ. ಡಿ8ಎಸ್1179 ಮಾರ್ಕರಿನ ಕಥೆ ಇದಕ್ಕೆ ಹೆಸರುವಾಸಿ: ಗುವಾಮಿನ ಚಮೊರೊ ಜನರಲ್ಲಿ ಮತ್ತು ಫಿಲಿಪಿನೊಗಳಲ್ಲಿ ಒಂದು ಬೇಸ್ ಬದಲಾವಣೆಯಿಂದ ಹಳೆಯ ಕಿಟ್ಟಿನಲ್ಲಿ ಅಲೀಲ್ ತಪ್ಪಿಹೋಗುತ್ತಿತ್ತು. ಮುಂದಿನ ಐಡೆಂಟಿಫೈಲರ್ ಕಿಟ್ಟಿನಲ್ಲಿ ಆ ಬದಲಾದ ಬೇಸಿಗೂ ಹೊಂದುವ, ಬಣ್ಣ ಕಟ್ಟದ (ಪೀಕಿಗೆ ಬೆಳಕು ಕೊಡುವ ಬಣ್ಣ ಜೋಡಿಸದ) ಇನ್ನೊಂದು ಪ್ರೈಮರನ್ನು ಜೊತೆಗೆ ಸೇರಿಸಿದರು.

1000 ಜೀನೋಮ್ಸ್ ಯೋಜನೆಯಲ್ಲಿ ದಕ್ಷಿಣ ಏಷ್ಯಾದ ಐದು ಗುಂಪುಗಳಿವೆ: ಹ್ಯೂಸ್ಟನ್ನಿನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಬ್ರಿಟನ್ನಿನಲ್ಲಿ ನೆಲೆಸಿದ ಶ್ರೀಲಂಕಾ ತಮಿಳರು ಮತ್ತು ತೆಲುಗರು. ಕನ್ನಡಿಗರ ಗುಂಪು ಅದರಲ್ಲಿಲ್ಲ. ಹಾಗಾಗಿ ಅದೊಂದನ್ನೇ ನೋಡಿ ‘ಈ ಜಾಗ ಸುರಕ್ಷಿತ’ ಎನ್ನಬೇಡಿ. 1,029 ಭಾರತೀಯರ ಜೀನೋಮ್‌ಗಳ ಇಂಡಿಜೀನೋಮ್ಸ್ ದತ್ತಾಂಶವನ್ನೂ ಜೊತೆಗಿಟ್ಟು ನೋಡಿ.

ಜಾತಿ, ಉಪಜಾತಿಯೊಳಗೇ ಮದುವೆಯಾಗುವ ರೂಢಿಯಿಂದ ಒಟ್ಟಾರೆ ಅಪರೂಪವಾದ ವ್ಯತ್ಯಾಸ ಒಂದು ಸಮುದಾಯದಲ್ಲಿ ಸಾಮಾನ್ಯವಾಗಿರಬಹುದು. ಒಂದು ಸಮುದಾಯದಲ್ಲಿ ಅಂಥ ಅಲೀಲ್ ಶೇ. 1ರಷ್ಟಿದ್ದರೆ ಅದನ್ನು ಹೊತ್ತವರು ನೂರಕ್ಕೆ ಸುಮಾರು ಇಬ್ಬರು. ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವ, ಅತ್ತೆ–ಮಾವನ ಮಕ್ಕಳು ಮದುವೆಯಾಗುವ ಪದ್ಧತಿ ನಮ್ಮಲ್ಲಿ ಇಂದಿಗೂ ಇದೆ. ಅಂಥ ಮನೆಯ ಮಗುವಿಗೆ ಎರಡೂ ಕಡೆಯಿಂದ ಅದೇ ವ್ಯತ್ಯಾಸ ಬಂದರೆ ಆ ಮಾರ್ಕರ್ ಪೂರ್ತಿ ಖಾಲಿ ಕಾಣುತ್ತದೆ. ಅದನ್ನು ‘ಡಿಎನ್‌ಎ ಹಾಳಾಗಿದೆ’ ಎಂದು ಬರೆದುಬಿಡುವ ಮೊದಲು ಅದಕ್ಕಿಂತ ಉದ್ದದ ಮಾರ್ಕರ್‌ಗಳು ಸರಿಯಾಗಿ ಬಂದಿವೆಯೇ ನೋಡಿ. ಬಂದಿದ್ದರೆ ಹಾಳಾಗಿರುವುದು ಡಿಎನ್‌ಎ ಅಲ್ಲ.

ಅಮೆಲೊಜೆನಿನ್ ವಿಷಯದಲ್ಲಿ ಇನ್ನೊಂದು ಸಂಗತಿ. ಕೆಲವು ಗಂಡಸರಲ್ಲಿ ವೈ ವರ್ಣತಂತುವಿನ ಆ ಭಾಗವೇ ಕಳಚಿಹೋಗಿರುತ್ತದೆ. 2002ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ 270 ಗಂಡಸರ ಪೈಕಿ 5 ಮಂದಿಯಲ್ಲಿ ಹೀಗಿತ್ತು. ಅವರು ಹೆಂಗಸು ಎಂದು ಕಾಣುತ್ತಾರೆ. ಇಲ್ಲದ ಜಾಗವನ್ನು ಯಾವ ಪ್ರೈಮರೂ ಹಿಡಿಯಲಾರದು. ಇದಕ್ಕೆ ಪರಿಹಾರ ವೈ ವರ್ಣತಂತುವಿನ ಬೇರೆ ಭಾಗದ ಇನ್ನೊಂದು ಮಾರ್ಕರ್. ಗ್ಲೋಬಲ್‌ಫೈಲರಿನಂಥ ಕಿಟ್ಟುಗಳಲ್ಲಿ ಡಿವೈಎಸ್391 ಇರುವುದರ ಒಂದು ಉಪಯೋಗ ಇದೇ.

ಒಂದೇ ಪೀಕ್ ಕಂಡಾಗ ಅದು ನಿಜವಾದ ಹೋಮೋಜೈಗಸ್ಸೋ (ಎರಡೂ ಅಲೀಲ್ ಒಂದೇ), ಅಲೀಲ್ ಕಳೆದಿದೆಯೋ ತಿಳಿಯುವುದು ಹೇಗೆ?

ಮೊದಲು ಎತ್ತರ ನೋಡಿ. ನಿಜವಾದ ಹೋಮೋಜೈಗಸ್ ಆದರೆ ಎರಡು ಪ್ರತಿಗಳ ಬೆಳಕು ಒಂದೇ ಪೀಕಿನಲ್ಲಿ ಸೇರಿರುತ್ತದೆ, ಅದೇ ಬಣ್ಣದ ಅಕ್ಕಪಕ್ಕದ ಒಂಟಿ ಅಲೀಲ್‌ಗಳಿಗಿಂತ ಸುಮಾರು ಎರಡು ಪಟ್ಟು ಎತ್ತರ ಇರಬೇಕು. ಅರ್ಧವಿದ್ದರೆ ಅನುಮಾನಿಸಿ.

ಆಮೇಲೆ ಡಿಎನ್‌ಎ ಪ್ರಮಾಣ ಹೆಚ್ಚಿಸಿ ಮತ್ತೆ ಮಾಡಿ. ಒಂದು ಜೀವಕೋಶದಲ್ಲಿ ಸುಮಾರು 6.6 ಪಿಕೊಗ್ರಾಂ ಡಿಎನ್‌ಎ. 1 ನ್ಯಾನೊಗ್ರಾಂ ಎಂದರೆ 150 ಕೋಶ, 100 ಪಿಕೊಗ್ರಾಂ ಎಂದರೆ ಬರೀ 15. ಅಷ್ಟು ಕಡಿಮೆಯಿದ್ದಾಗ ಪ್ರೈಮರ್ ಎಷ್ಟೇ ಚೆನ್ನಾಗಿದ್ದರೂ ಅದೃಷ್ಟದಾಟದಲ್ಲಿ ಒಂದು ಅಲೀಲ್ ತಪ್ಪಬಹುದು. ಅಂಥದ್ದು ಡಿಎನ್‌ಎ ಹೆಚ್ಚಿಸಿದಾಗ ವಾಪಸು ಬರುತ್ತದೆ, ಮತ್ತೆ ಮತ್ತೆ ಮಾಡಿದಾಗ ಬೇರೆ ಬೇರೆ ಮಾರ್ಕರಿನಲ್ಲಿ ತಪ್ಪುತ್ತದೆ. ಪ್ರೈಮರ್ ಜಾಗದ ವ್ಯತ್ಯಾಸವಾದರೆ ಅದೇ ವ್ಯಕ್ತಿ, ಅದೇ ಮಾರ್ಕರ್, ಅದೇ ಫಲಿತಾಂಶ, ಎಷ್ಟು ಸಲ ಮಾಡಿದರೂ. ಅನೀಲಿಂಗ್ ತಾಪಮಾನವನ್ನು ಎರಡು ಮೂರು ಡಿಗ್ರಿ ಇಳಿಸಿದಾಗ ಕಳೆದ ಪೀಕ್ ಸಣ್ಣದಾಗಿ ತಲೆಯೆತ್ತಿದರೆ ಅನುಮಾನ ಗಟ್ಟಿ. ಬೇರೆ ಪ್ರೈಮರ್ ಇರುವ ಕಿಟ್ಟಿನಲ್ಲಿ ಮಾಡಿ ನೋಡುವುದು ಅಥವಾ ಹೊರಗಿನಿಂದ ಪ್ರೈಮರ್ ಹಾಕಿ ಆ ಭಾಗದ ಸರಣಿ ಓದುವುದು ಕೊನೆಯ ಪುರಾವೆ. ತಾಪಮಾನ ಇಳಿಸಿದ್ದು ಕಾರಣ ತಿಳಿಯಲು ಮಾತ್ರ. ವರದಿಗೆ ಆ ಫಲಿತಾಂಶ ಬೇಡ.

ಹಳೆಯ ಮೂಳೆ, ಸುಟ್ಟ ದೇಹಗಳಿಗೆ ಎಂಥ ಪ್ರೈಮರ್?

ಹತ್ತಿರ ಕೂರುವ ಪ್ರೈಮರ್. ಬಿಸಿಲು, ತೇವ, ಬೆಂಕಿಗೆ ಸಿಕ್ಕ ಡಿಎನ್‌ಎ ನೂರು ನೂರೈವತ್ತು ಬೇಸ್‌ನ ಚೂರುಗಳಾಗಿರುತ್ತದೆ. 300 ಬೇಸ್ ದಾಟಿದ ತುಂಡು ಅದರಲ್ಲಿ ಸಿಗುವುದು ಕಷ್ಟ. ಪುನರಾವರ್ತನೆಯ ಅಂಚಿಗೆ ಪ್ರೈಮರ್‌ಗಳನ್ನು ತಂದರೆ ತುಂಡು ಗಿಡ್ಡವಾಗುತ್ತದೆ, ಇದೇ ಮಿನಿ-ಎಸ್‌ಟಿಆರ್. ಐಡೆಂಟಿಫೈಲರಿನಲ್ಲಿ ಟಿಎಚ್01ರ ತುಂಡುಗಳು ಸುಮಾರು 160ರಿಂದ 200 ಬೇಸ್ ಇದ್ದರೆ, ಅದಕ್ಕೆಂದೇ ವಿನ್ಯಾಸ ಮಾಡಿದ ಮಿನಿ ಪ್ರೈಮರ್‌ಗಳಲ್ಲಿ 51ರಿಂದ 98. 2001ರ ನ್ಯೂಯಾರ್ಕ್ ವಿಶ್ವ ವಾಣಿಜ್ಯ ಕೇಂದ್ರದ ದಾಳಿಯಲ್ಲಿ ಸತ್ತವರ ಗುರುತು ಪತ್ತೆಯಲ್ಲಿ ಈ ವಿಧಾನ ಬಳಕೆಗೆ ಬಂತು.

ಇದರಲ್ಲಿ ಕಳೆದುಕೊಳ್ಳುವುದೂ ಇದೆ. ಎಲ್ಲ ತುಂಡುಗಳೂ ನೂರರ ಆಸುಪಾಸಿನಲ್ಲೇ ಇದ್ದರೆ ಒಂದು ಬಣ್ಣದಲ್ಲಿ ಒಂದೆರಡು ಮಾರ್ಕರ್ ಮಾತ್ರ ಹಿಡಿಸುತ್ತವೆ. ಅಂಚಿಗೆ ಬಂದಷ್ಟೂ ಜಾಗದ ಆಯ್ಕೆ ಕಡಿಮೆ, ಜಿಸಿ ಕಡಿಮೆಯಿರುವ ಜಾಗದಲ್ಲೇ ಉದ್ದದ ಪ್ರೈಮರ್ ಮಾಡಬೇಕಾಗುತ್ತದೆ. ಹಳೆಯ ಪ್ರೈಮರಿಗೂ ಹೊಸದಕ್ಕೂ ನಡುವಿನ ಭಾಗದಲ್ಲಿ ಯಾರಿಗಾದರೂ ನಾಲ್ಕು ಬೇಸ್ ಕಳಚಿದ್ದರೆ ಹಳೆಯ ಕಿಟ್ 11 ಎಂದದ್ದನ್ನು ಹೊಸದು 12 ಎನ್ನುತ್ತದೆ. ಎರಡೂ ಪ್ರೈಮರ್ ಸರಿಯೇ, ಹೋಲಿಕೆ ತಪ್ಪು. ಸಂಬಂಧಿಕರ ಮಾದರಿಯನ್ನೂ ಮೂಳೆಯ ಮಾದರಿಯನ್ನೂ ಒಂದೇ ಪ್ರೈಮರಿನಲ್ಲಿ ಮಾಡುವುದು ಒಳ್ಳೆಯದು.

ಹಲವು ಜೋಡಿಗಳನ್ನು ಒಂದೇ ಟ್ಯೂಬಿಗೆ ಹಾಕುವಾಗ?

24 ಮಾರ್ಕರ್ ಎಂದರೆ 48 ಪ್ರೈಮರ್. ತನ್ನೊಂದಿಗೆ ತಾನು ಕೂಡುವುದನ್ನೂ ಸೇರಿಸಿದರೆ 1,176 ಜೋಡಣೆಗಳನ್ನು ಪರೀಕ್ಷಿಸಬೇಕು. ಕೈಯಲ್ಲಿ ಆಗದ ಕೆಲಸ. ಅಮೆರಿಕದ ಎನ್‌ಐಎಸ್‌ಟಿಯವರ ಆಟೋಡೈಮರ್ ತಂತ್ರಾಂಶ ಇದಕ್ಕೆಂದೇ ಇದೆ. 3′ ತುದಿಗಳು ಒಂದಕ್ಕೊಂದು ಕೂಡುವ ಜೋಡಿಗಳನ್ನು ಮೊದಲು ತೆಗೆಯಿರಿ.

ಪ್ರತಿ ಪ್ರೈಮರ್ 0.2 ಮೈಕ್ರೋಮೋಲಾರ್‌ನಿಂದ ಶುರು ಮಾಡಿ. ಎತ್ತರದ ಪೀಕಿನ ಪ್ರೈಮರ್ ಇಳಿಸಿ, ಗಿಡ್ಡದ್ದನ್ನು ಏರಿಸಿ, ಒಂದು ಸಲಕ್ಕೆ ಒಂದೆರಡನ್ನು ಮಾತ್ರ. ಗಿಡ್ಡ ಪೀಕನ್ನು ಏರಿಸುವುದಕ್ಕಿಂತ ಎತ್ತರದ್ದನ್ನು ಇಳಿಸುವುದೇ ಸಾಮಾನ್ಯವಾಗಿ ಬೇಗ ಫಲ ಕೊಡುತ್ತದೆ. 0.5 ದಾಟಿದರೂ ಏಳದ ಮಾರ್ಕರಿಗೆ ಪ್ರಮಾಣದ ಕೊರತೆಯಲ್ಲ, ಜಾಗದ ದೋಷ. ಹೊಸ ಪ್ರೈಮರ್ ಮಾಡಿ. ಬಿಸಿ ಮಾಡಿದ ಮೇಲೆಯೇ ಎಚ್ಚರಗೊಳ್ಳುವ ಹಾಟ್ ಸ್ಟಾರ್ಟ್ ಕಿಣ್ವವನ್ನೇ ಬಳಸಿ; ಮಿಶ್ರಣ ತಣ್ಣಗಿರುವಾಗಲೇ ಪ್ರೈಮರ್‌ಗಳು ಒಂದಕ್ಕೊಂದು ಅಂಟಿದ ಡೈಮರ್‌ಗಳು ಹುಟ್ಟಿಕೊಳ್ಳುವುದನ್ನು ಅದು ತಡೆಯುತ್ತದೆ.

ಪೀಕ್ ತುದಿಯಲ್ಲಿ ಎರಡಾಗಿ ಸೀಳಿಕೊಳ್ಳುತ್ತಿದೆ. ಪ್ರೈಮರ್ ಬದಲಿಸಬೇಕೆ?

ಟ್ಯಾಕ್ ಕಿಣ್ವ ತುಂಡಿನ ಕೊನೆಗೆ ಅಚ್ಚಿನಲ್ಲಿಲ್ಲದ ಒಂದು ಎ ಸೇರಿಸುತ್ತದೆ. ಕೆಲವಕ್ಕೆ ಸೇರಿ ಕೆಲವಕ್ಕೆ ಸೇರದಿದ್ದರೆ ಒಂದು ಬೇಸ್ ಅಂತರದಲ್ಲಿ ಎರಡು ಪೀಕ್. ಟಿಎಚ್01ರಲ್ಲಿ ಇದು ನಿಜಕ್ಕೂ ಅಪಾಯ, ಏಕೆಂದರೆ ಅಲ್ಲಿ 9.3 (ಒಂಬತ್ತು ಪುನರಾವರ್ತನೆ, ಮೇಲೆ ಮೂರು ಬೇಸ್) ಮತ್ತು 10 ಎಂಬ ಎರಡು ನಿಜವಾದ ಅಲೀಲ್‌ಗಳ ನಡುವಿನ ಅಂತರವೂ ಒಂದೇ ಬೇಸ್. ಕೊನೆಯಲ್ಲಿ 60 ಡಿಗ್ರಿಯಲ್ಲಿ 30ರಿಂದ 60 ನಿಮಿಷ ಇಡಿ. ಡಿಎನ್‌ಎ ಹೆಚ್ಚು ಹಾಕಿದ್ದರೆ ಕಡಿಮೆ ಮಾಡಿ. ಅಷ್ಟಕ್ಕೂ ಹೋಗದಿದ್ದರೆ ಬಣ್ಣ ಕಟ್ಟದ ಪ್ರೈಮರಿನ 5′ ತುದಿಗೆ ಜಿ ಟಿ ಟಿ ಟಿ ಸಿ ಟಿ ಟಿ ಎಂಬ ಏಳು ಬೇಸ್‌ನ ಬಾಲ ಜೋಡಿಸಿ. ಅದರ ಎದುರು ಬರುವ ತುದಿಯಲ್ಲಿ ಎ ಸೇರುವುದು ಸುಲಭವಾಗುತ್ತದೆ. ತುಂಡಿನ ಉದ್ದ ಏಳು ಬೇಸ್ ಹೆಚ್ಚುವುದನ್ನು ಲೆಕ್ಕದಲ್ಲಿಡಿ.

ತರಿಸಿದ ಪ್ರೈಮರನ್ನು ಕರಗಿಸುವುದು, ಇಡುವುದು ಹೇಗೆ?

ಬಣ್ಣ ಕಟ್ಟಿದ್ದನ್ನು ಎಚ್‌ಪಿಎಲ್‌ಸಿ ಶುದ್ಧೀಕರಣದೊಂದಿಗೇ ತರಿಸಿ. ಮುಚ್ಚಳ ತೆರೆಯುವ ಮೊದಲು ಟ್ಯೂಬನ್ನು ಒಂದು ನಿಮಿಷ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಒಣಗಿದ ಪುಡಿ ಮುಚ್ಚಳಕ್ಕೆ ಅಂಟಿರುತ್ತದೆ. ಚೀಟಿಯ ಮೇಲಿನ ನ್ಯಾನೊಮೋಲ್ ಸಂಖ್ಯೆಯನ್ನು ಹತ್ತರಿಂದ ಗುಣಿಸಿ ಅಷ್ಟು ಮೈಕ್ರೋಲೀಟರ್ ಬಫರ್ ಹಾಕಿದರೆ 100 ಮೈಕ್ರೋಮೋಲಾರ್ ಆಗುತ್ತದೆ: 25 ಇದ್ದರೆ 250. ಬಫರಿನಲ್ಲಿ ಇಡಿಟಿಎ 0.1 ಮಿಲಿಮೋಲಾರ್ ಮಾತ್ರ ಇರಲಿ. ಹೆಚ್ಚಿದ್ದರೆ ಕಿಣ್ವಕ್ಕೆ ಬೇಕಾದ ಮೆಗ್ನೀಸಿಯಂ ಅನ್ನು ಅದೇ ಕಟ್ಟಿಹಾಕುತ್ತದೆ. ಸಣ್ಣ ಪಾಲುಗಳಾಗಿ ಮಾಡಿ ಮೈನಸ್ 20ರಲ್ಲಿ, ಬಣ್ಣದ್ದನ್ನು ಕತ್ತಲಲ್ಲಿ ಇಡಿ.

ಹುಲಿಯುಗುರು, ಕಾಡುಮಾಂಸದಂಥ ಮಾದರಿಗೆ ಇದೇ ನಿಯಮಗಳೇ?

ಅರ್ಧ ಮಾತ್ರ. ಇಲ್ಲಿ ಕೇಳುವುದು ಯಾವ ವ್ಯಕ್ತಿ ಎಂದಲ್ಲ, ಯಾವ ಪ್ರಾಣಿ ಎಂದು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಎಂಸಿಬಿ398 ಮತ್ತು ಎಂಸಿಬಿ869 ಜೋಡಿ ಮೈಟೊಕಾಂಡ್ರಿಯದ ಸೈಟೋಕ್ರೋಮ್ ಬಿ ಜೀನಿನ 472 ಬೇಸ್ ಭಾಗವನ್ನು ಬಹಳಷ್ಟು ಪ್ರಾಣಿಗಳಲ್ಲಿ ಹಿಡಿಯುತ್ತದೆ. ಹಸಿ ಮಾಂಸಕ್ಕೆ ಅದು ಚೆನ್ನ. ಬೇಯಿಸಿದ್ದು, ಹದ ಮಾಡಿದ ಚರ್ಮವಾದರೆ ಒಳಗೆ ಇನ್ನೂ ಗಿಡ್ಡ ತುಂಡಿನ ಜೋಡಿ ಬೇಕು. ಹಲವು ಪ್ರಾಣಿಗಳಿಗೆ ಒಂದೇ ಪ್ರೈಮರ್ ಮಾಡುವಾಗ 3′ ತುದಿಯ ಕೊನೆಯ ಬೇಸ್ ಕೋಡಾನಿನ ಮೂರನೆಯ ಸ್ಥಾನಕ್ಕೆ ಬೀಳದಂತೆ ನೋಡಿಕೊಳ್ಳಿ. ಪ್ರಾಣಿಯಿಂದ ಪ್ರಾಣಿಗೆ ಅತಿ ಹೆಚ್ಚು ಬದಲಾಗುವುದು ಅದೇ ಸ್ಥಾನ. ಇಂಥ ಪ್ರೈಮರ್ ಮುಟ್ಟಿದವರ ಬೆವರಿನ ಡಿಎನ್‌ಎಯನ್ನೂ ಹಿಡಿಯಬಹುದು. ಕೊರಳಿಗೆ ಹಾಕಿಕೊಂಡಿದ್ದ ಉಗುರಿನಿಂದ ಮನುಷ್ಯರ ಸರಣಿ ಬಂದರೆ ಆಶ್ಚರ್ಯಪಡಬೇಡಿ. ಹೊರಮೈ ಕೆರೆದು ಒಳಭಾಗದಿಂದ ಮತ್ತೆ ಡಿಎನ್‌ಎ ತೆಗೆಯಿರಿ.

ಹೊಸ ಪ್ರೈಮರನ್ನು ಬಳಕೆಗೆ ತರುವ ಮೊದಲು ಏನೇನು ಪರೀಕ್ಷಿಸಬೇಕು?

ಗೊತ್ತಿರುವ ಕಂಟ್ರೋಲ್ ಡಿಎನ್‌ಎ, ಉದಾಹರಣೆಗೆ 9947ಎ ಅಥವಾ 2800ಎಂ, ತೆಗೆದುಕೊಂಡು 55ರಿಂದ 65 ಡಿಗ್ರಿವರೆಗೆ ಅನೀಲಿಂಗ್ ತಾಪಮಾನ ಬದಲಿಸಿ ಓಡಿಸಿ. ಆಯ್ದ ತಾಪಮಾನದ ಎರಡು ಡಿಗ್ರಿ ಆಚೀಚೆಯೂ ಫಲಿತಾಂಶ ಅದೇ ಇರಬೇಕು. ಎಲ್ಲ ಯಂತ್ರಗಳ, ಟ್ಯೂಬ್ ಕೂರುವ ಎಲ್ಲ ಗುಂಡಿಗಳೂ ಒಂದೇ ಬಿಸಿಯಲ್ಲಿರುವುದಿಲ್ಲ. ನಂತರ 1 ನ್ಯಾನೊಗ್ರಾಂನಿಂದ 500, 250, 125, 62, 31 ಪಿಕೊಗ್ರಾಂವರೆಗೆ ಅರ್ಧರ್ಧ ಇಳಿಸುತ್ತಾ, ಪ್ರತಿಯೊಂದನ್ನೂ ಮೂರು ಸಲ ಮಾಡಿ. ಹೀಮ್, ಹ್ಯೂಮಿಕ್ ಆಮ್ಲ, ಜೀನ್ಸ್ ಬಟ್ಟೆಯ ಇಂಡಿಗೊ ಬೆರೆಸಿ ನೋಡಿ. ಕೊನೆಗೆ ನಿಮ್ಮ ಪ್ರಾಂತ್ಯದ ಬೇರೆ ಬೇರೆ ಸಮುದಾಯಗಳವರ, ಒಪ್ಪಿಗೆ ಪಡೆದ ಮಾದರಿಗಳನ್ನು ಬೇರೆ ಪ್ರೈಮರಿನ ಕಿಟ್ಟಿನೊಂದಿಗೆ ಒಂದೊಂದಾಗಿ ಹೋಲಿಸಿ. ಈ ಕೊನೆಯ ಹೆಜ್ಜೆಯನ್ನು ಸಮಯವಿಲ್ಲವೆಂದು ಬಿಡುವವರೇ ಹೆಚ್ಚು. ಮೊದಲ ಪ್ರಶ್ನೆಯಲ್ಲಿ ಹೇಳಿದ 14, 14ರ ತಂದೆ ಸಿಕ್ಕಿಬೀಳುವುದು ಇಲ್ಲಿ ಮಾತ್ರ.

ಡಿಎನ್‌ಎ ಹಾಕದ ನೆಗೆಟಿವ್ ಕಂಟ್ರೋಲಿನಲ್ಲೂ ಪೀಕ್ ಬರುತ್ತಿದೆ. ಪ್ರೈಮರ್ ಕಾರಣವೆ?

ಆಕಾರ ನೋಡಿ. ಅಗಲವಾದ, ದಿಬ್ಬದಂಥ ಉಬ್ಬು, ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ಬಣ್ಣದಲ್ಲಿ ಬಂದರೆ ಪ್ರೈಮರಿನಿಂದ ಕಳಚಿದ ಬಣ್ಣ ಅದು. ಟ್ಯೂಬ್ ಹಳೆಯದಾಗಿದೆ ಅಥವಾ ಬೆಳಕಿಗೆ ಬಿದ್ದಿದೆ, ಹೊಸ ಪಾಲು ತೆಗೆಯಿರಿ. ಸಪೂರವಾದ, ಆದರೆ ಯಾವ ಅಲೀಲಿಗಿಂತಲೂ ಗಿಡ್ಡ ಗಾತ್ರದಲ್ಲಿ ಬಂದರೆ ಡೈಮರ್. ಸಪೂರವಾಗಿದ್ದು ನಿಜವಾದ ಅಲೀಲಿನ ಜಾಗದಲ್ಲೇ ಬಂದರೆ ಅದು ಯಾರದೋ ಡಿಎನ್‌ಎ. ಪ್ರಯೋಗಾಲಯದ ಸಿಬ್ಬಂದಿಯ ಪ್ರೊಫೈಲ್‌ಗಳೊಂದಿಗೆ ಹೋಲಿಸಿ, ಆ ತಂಡದ ಎಲ್ಲ ಮಾದರಿಗಳನ್ನೂ ತಡೆಹಿಡಿದು, ಹೊಸ ನೀರು, ಹೊಸ ಮಿಶ್ರಣದಿಂದ ಮೊದಲಿನಿಂದ ಮಾಡಿ.